ಹೊಸ ಪ್ಯಾಡ್ ಹಾಕಿದ ಮೇಲೆ ಬೈಕ್ ಬ್ರೇಕ್ ಯಾಕೆ ಕಿರುಚುತ್ತದೆ?

ಹಳೆಯ ಬ್ರೇಕ್ ಪ್ಯಾಡ್ ಸವೆದು ತೆಳ್ಳಗಾಗಿದ್ದರೂ ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ಹೊಸದು ಹಾಕಿಸಿಕೊಂಡು ಗ್ಯಾರೇಜಿನಿಂದ ಹೊರಟರೆ ಮೊದಲ ಸಿಗ್ನಲ್‌ನಲ್ಲೇ ಅಕ್ಕಪಕ್ಕದವರು ತಿರುಗಿ ನೋಡುವಷ್ಟು ‘ಕೀಂಯ್’. ಪ್ಯಾಡ್ ಡೂಪ್ಲಿಕೇಟ್ ಇರಬೇಕು ಅಂತ ಬಿಚ್ಚಿಸಿ ಇನ್ನೊಂದು ಜೊತೆ ಹಾಕಿಸಿದರೂ ಸದ್ದು ಹಾಗೇ ಉಳಿಯುವುದುಂಟು. ಪ್ಯಾಡೇ ಕಳಪೆ ಇರುವ ಸಾಧ್ಯತೆ ಇಲ್ಲವೆಂದಲ್ಲ. ಆದರೆ ಹೊಸ ಪ್ಯಾಡ್ ಹೋಗಿ ಕೂರುವುದು ಹಳೆಯ ಡಿಸ್ಕ್ (ಚಕ್ರದ ಜೊತೆ ತಿರುಗುವ ತಟ್ಟೆ), ಹಳೆಯ ಕ್ಯಾಲಿಪರ್ (ಪ್ಯಾಡ್‌ಗಳನ್ನು ಹಿಡಿದು ಡಿಸ್ಕಿಗೆ ಒತ್ತುವ ಭಾಗ), ಗ್ರೀಸ್ ಒಣಗಿದ ಪಿನ್‌ಗಳ ನಡುವೆ. ಸದ್ದಿನ ಮೂಲ ಹೆಚ್ಚಾಗಿ ಅಲ್ಲಿರುತ್ತದೆ, ಇಲ್ಲವೇ ಪ್ಯಾಡ್ ಹಾಕುವಾಗಲೇ ಮಾಡಬೇಕಿದ್ದ ಅರ್ಧ ಗಂಟೆಯ ಕೆಲಸ ಬಿಟ್ಟುಹೋಗಿರುತ್ತದೆ. ಮತ್ತೆ ದುಡ್ಡು ಸುರಿಯುವ ಮುನ್ನ ಎಂಥ ಸದ್ದು, ಯಾವಾಗ ಬರುತ್ತದೆ ಅಂತ ಗಮನವಿಟ್ಟು ಕೇಳಿದರೆ ಮುಕ್ಕಾಲು ಉತ್ತರ ಅಲ್ಲೇ ಸಿಗುತ್ತದೆ.

ಬ್ರೇಕ್ ಹಿಡಿದಾಗ ಪ್ಯಾಡ್ ಡಿಸ್ಕಿನ ಮೇಲೆ ಒಂದೇ ಸಮನೆ ಉಜ್ಜುತ್ತದೆ ಅಂತ ನಮಗನಿಸುತ್ತದೆ. ನಿಜಕ್ಕೂ ಅದು ಹಿಡಿಯುತ್ತದೆ, ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ಸಾವಿರಾರು ಸಲ ಹೀಗಾದಾಗ ಪ್ಯಾಡ್, ಡಿಸ್ಕ್, ಕ್ಯಾಲಿಪರ್ ಮೂರೂ ಸೇರಿ ಅದುರತೊಡಗುತ್ತವೆ. ಆ ಕಂಪನವೇ ಕೀರಲು ಸದ್ದು. ಸೀಮೆಸುಣ್ಣವನ್ನು ಕರಿಹಲಗೆಯ ಮೇಲೆ ನೆಟ್ಟಗೆ ಹಿಡಿದು ಎಳೆದರೆ ಕಿರ್ರೆನ್ನುತ್ತದೆ, ಸ್ವಲ್ಪ ಓರೆ ಮಾಡಿದರೆ ಸುಮ್ಮನಾಗುತ್ತದೆ. ಬ್ರೇಕಿನಲ್ಲೂ ಅಷ್ಟೇ ಸಣ್ಣ ವ್ಯತ್ಯಾಸ ಸಾಕು. ಹಾಗಾಗಿ ಪರಿಹಾರಗಳು ಎರಡೇ ಬಗೆ: ಉಜ್ಜುವ ಮೈಯನ್ನು ಸರಿಮಾಡುವುದು, ಅದುರುವ ಭಾಗವನ್ನು ಅದುರದಂತೆ ಕೂರಿಸುವುದು.

ಬಿಚ್ಚುವ ಮೊದಲು ಕೇಳಿ

ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ. ಬ್ರೇಕ್ ಹಿಡಿದಾಗ ಮಾತ್ರ ‘ಕೀಂಯ್’ ಬಂದು, ಬಿಟ್ಟ ಕೂಡಲೇ ನಿಂತರೆ ಪ್ಯಾಡ್ ಮತ್ತು ಡಿಸ್ಕಿನ ಮೈ ನೋಡಬೇಕು. ಬ್ರೇಕ್ ಹಿಡಿಯದೆ ಹೋಗುವಾಗ ‘ಕಟಕಟ’ ಅಂದು, ಲಿವರ್ ಮುಟ್ಟಿದ ತಕ್ಷಣ ನಿಂತುಹೋದರೆ ಪ್ಯಾಡ್ ಕ್ಯಾಲಿಪರ್‌ನೊಳಗೆ ಸಡಿಲವಾಗಿ ಕುಣಿಯುತ್ತಿದೆ. ಒಳಗಿನ ಸ್ಪ್ರಿಂಗ್ ತಗಡು ಇಲ್ಲ, ಅಥವಾ ಸರಿಯಾಗಿ ಕೂತಿಲ್ಲ. ‘ಸರ್... ಸರ್... ಸರ್...’ ಅಂತ ಚಕ್ರದ ಒಂದೊಂದು ಸುತ್ತಿಗೆ ಒಂದೊಂದು ಸಲ ಬಂದರೆ ಡಿಸ್ಕ್ ಬಾಗಿದೆ, ಇಲ್ಲವೇ ಚಕ್ರದ ನಡುವಿನ ಹಬ್ಬಿನ ಮೇಲೆ ಓರೆಯಾಗಿ ಕೂತಿದೆ. ಬ್ರೇಕ್ ಹಿಡಿದ ಕ್ಷಣದಲ್ಲಿ ಒಂದೇ ಒಂದು ‘ಟಕ್’ ಬಂದರೆ ಮೊದಲು ಕ್ಯಾಲಿಪರ್ ಬೋಲ್ಟ್ ಬಿಗಿಯಾಗಿದೆಯೇ ನೋಡಿ. ಕಬ್ಬಿಣಕ್ಕೆ ಕಬ್ಬಿಣ ತಾಗುವ ‘ಗರ್ರ್’ ಕೇಳಿದರೆ ಮುಂದಕ್ಕೆ ಓಡಿಸಬೇಡಿ. ಪ್ಯಾಡ್ ತಿರುಗುಮುರುಗಾಗಿ ಕೂತು ಅದರ ಉಕ್ಕಿನ ಬೆನ್ನು ಡಿಸ್ಕಿಗೆ ತಾಗುತ್ತಿರಬಹುದು. ಅವಸರದ ಕೆಲಸದಲ್ಲಿ ಹೀಗೂ ಆಗುತ್ತದೆ.

ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದೆ ಯಾರನ್ನಾದರೂ ಕೂರಿಸಿ ಮುಂದಿನ ಚಕ್ರ ಎತ್ತಿ ಕೈಯಿಂದ ತಿರುಗಿಸಿ. ಬ್ರೇಕ್ ಗಟ್ಟಿಯಾಗಿ ಹಿಡಿದು ಬಿಟ್ಟು ಮತ್ತೆ ತಿರುಗಿಸಿ. ಹೊಸ ಪ್ಯಾಡ್ ಇರುವಾಗ ‘ಸರಸರ’ ಎಂಬ ಮೆಲುಸದ್ದು ಸಹಜ, ಚಕ್ರ ಮಾತ್ರ ಎರಡು ಮೂರು ಸುತ್ತು ತಾನಾಗಿ ತಿರುಗಬೇಕು. ಅರ್ಧ ಸುತ್ತಿಗೇ ನಿಂತರೆ ಬ್ರೇಕ್ ಬಿಡುತ್ತಿಲ್ಲ ಎಂದರ್ಥ. ಹಾಗೇ ಓಡಿಸಿದರೆ ಡಿಸ್ಕ್ ಕಾದು, ಪ್ಯಾಡ್ ಸುಟ್ಟು, ಆಗ ಬರುವ ಸದ್ದಿಗೆ ಹೊಸ ಪ್ಯಾಡೇ ಬೇಕಾಗುತ್ತದೆ.

ಹಳೆಯ ಪ್ಯಾಡನ್ನು ಎಸೆಯಲು ಬಿಡಬೇಡಿ

ಬಿಚ್ಚಿದ ಹಳೆಯ ಪ್ಯಾಡ್ ಜೋಡಿಯನ್ನು ಮೆಕ್ಯಾನಿಕ್ ಕಡೆಯಿಂದ ಕೇಳಿ ಪಡೆಯಿರಿ. ಕ್ಯಾಲಿಪರ್ ಸ್ಥಿತಿ ಅದರ ಮೇಲೆ ಬರೆದಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ದಪ್ಪ ನೋಡಿ. ಪಿಸ್ಟನ್ (ಪ್ಯಾಡನ್ನು ಒತ್ತುವ ಉರುಳೆ) ಕಡೆಯದು 1 ಮಿ.ಮೀ. ಉಳಿದು, ಆಚೆ ಕಡೆಯದು 3 ಮಿ.ಮೀ. ಇದ್ದರೆ ಕ್ಯಾಲಿಪರ್ ಜಾರುವ ಪಿನ್‌ಗಳು ಹಿಡಿದುಕೊಂಡಿವೆ. ಒಂದೇ ಪ್ಯಾಡ್ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳು ಆಗಿದ್ದರೆ ಕ್ಯಾಲಿಪರ್ ಓರೆಯಾಗಿ ಒತ್ತುತ್ತಿದೆ. ಮೈ ಮ್ಯಾಟ್ ಬೂದು ಬಣ್ಣದ್ದಿದ್ದರೆ ಒಳ್ಳೆಯದು. ಕಪ್ಪಗೆ ಮಿರಮಿರ ಮಿಂಚುತ್ತಿದ್ದರೆ ಅತಿ ಬಿಸಿಯಾಗಿದೆ ಅಥವಾ ಎಣ್ಣೆ ಕುಡಿದಿದೆ. ಈ ಯಾವ ದೋಷವನ್ನೂ ಸರಿಪಡಿಸದೆ ಹೊಸ ಪ್ಯಾಡ್ ಹಾಕಿದರೆ ಅದಕ್ಕೂ ಅದೇ ಗತಿ.

ಡಿಸ್ಕ್

ಹೊಸ ಪ್ಯಾಡಿನ ಮೈ ಸಪಾಟು. ಹಳೆಯ ಡಿಸ್ಕಿನ ಮೈಯಲ್ಲಿ ಗೆರೆಗಳಿರುತ್ತವೆ, ಹೊರ ಅಂಚಿನಲ್ಲಿ ಸವೆಯದೆ ಉಳಿದ ಒಂದು ಏಣು ಇರುತ್ತದೆ. ಉಗುರು ಅಡ್ಡಕ್ಕೆ ಎಳೆದರೆ ಅದು ತಡೆಯುತ್ತದೆ. ಸಪಾಟಾದ ಪ್ಯಾಡ್ ಮೊದಲಿಗೆ ಆ ಏಣುಗಳ ನೆತ್ತಿಯ ಮೇಲಷ್ಟೇ ಕೂರುತ್ತದೆ. ತಾಗುವ ಜಾಗ ಕಡಿಮೆ, ಒತ್ತಡ ಪೂರ್ತಿ ಅಲ್ಲೇ. ಸದ್ದು ಬರದೆ ಇರುತ್ತದೆಯೇ? 50 ಕಿ.ಮೀ. ಓಡಿಸಿ ಪ್ಯಾಡ್ ತೆಗೆದು ನೋಡಿದರೆ ಇಡೀ ಮೈಯ ಬದಲು ಎರಡು ಮೂರು ಪಟ್ಟಿಗಳಷ್ಟೇ ಹೊಳೆಯುತ್ತಿರುತ್ತವೆ. ಸಣ್ಣ ಗೆರೆಗಳಿದ್ದರೆ ಪ್ಯಾಡ್ ತಾನೇ ಸವೆದು ಹೊಂದಿಕೊಳ್ಳುತ್ತದೆ. ಏಣು ದೊಡ್ಡದಿದ್ದು ಪ್ಯಾಡಿನ ಅಂಚು ಅದರ ಮೇಲೆ ಹತ್ತಿ ಕೂರುತ್ತಿದ್ದರೆ ಡಿಸ್ಕ್ ಬದಲಿಸುವುದೇ ಸರಿ.

ಡಿಸ್ಕಿನ ಮೇಲೆಯೇ ಕನಿಷ್ಠ ದಪ್ಪ ಕೆತ್ತಿರುತ್ತದೆ. ಹೊಸದರಲ್ಲಿ 4 ಮಿ.ಮೀ. ಇರುವ ಡಿಸ್ಕಿಗೆ 3.5 ಮಿ.ಮೀ. ಮಿತಿ ಇರುವುದು ಸಾಮಾನ್ಯ. ಅಳತೆಯನ್ನು ಮೈಕ್ರೋಮೀಟರಿನಲ್ಲಿ, ಸವೆದ ಪಟ್ಟಿಯ ನಡುವೆ, ಐದಾರು ಕಡೆ ತೆಗೆಯಬೇಕು. ವರ್ನಿಯರ್ ಕ್ಯಾಲಿಪರ್ ಎಂಬ ಅಳತೆಯ ಉಪಕರಣ ಏಣಿನ ಮೇಲೆ ಕೂತು ದಪ್ಪ ಹೆಚ್ಚು ತೋರಿಸುತ್ತದೆ. ಬಾಗಿದೆಯೇ ಅಂತ ನೋಡಲು ಡಯಲ್ ಗೇಜ್ (ಸಣ್ಣ ಓರೆಯನ್ನೂ ಮುಳ್ಳಿನಿಂದ ತೋರಿಸುವ ಅಳತೆಯ ಉಪಕರಣ) ಬೇಕು. ಬಹಳಷ್ಟು ಮ್ಯಾನ್ಯುಯಲ್‌ಗಳು ಕೊಡುವ ಮಿತಿ 0.10ರಿಂದ 0.30 ಮಿ.ಮೀ. ಒಳಗೆ. ಗೇಜ್ ಇಲ್ಲದಿದ್ದರೆ ಮುಂದಿನ ಚಕ್ರ ಹಿಡಿದಿರುವ ಫೋರ್ಕಿಗೆ ಒಂದು ತಂತಿ ಕಟ್ಟಿ ಅದರ ತುದಿಯನ್ನು ಡಿಸ್ಕಿಗೆ ತಾಗಿಯೂ ತಾಗದಂತೆ ಇಟ್ಟು ಚಕ್ರ ತಿರುಗಿಸಿ. ಒಂದೇ ಜಾಗದಲ್ಲಿ ಪ್ರತಿ ಸುತ್ತಿಗೂ ತಾಗಿದರೆ ಆ ಜಾಗಕ್ಕೆ ಗುರುತು ಹಾಕಿ.

ಹೊಸ ಡಿಸ್ಕ್ ಹಾಕಿದ್ದರೆ ಎರಡು ವಿಷಯ ನೆನಪಿರಲಿ. ತುಕ್ಕು ಹಿಡಿಯದಿರಲೆಂದು ಅದಕ್ಕೆ ಎಣ್ಣೆ ಸವರಿ ಪ್ಯಾಕ್ ಮಾಡಿರುತ್ತಾರೆ. ಬ್ರೇಕ್ ಕ್ಲೀನರ್ ಅಥವಾ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ, ಬಟ್ಟೆಗೆ ಕರೆ ಅಂಟದಿರುವವರೆಗೆ ಒರೆಸಬೇಕು. ಪೆಟ್ರೋಲು, ಡೀಸೆಲ್, ಸೀಮೆಎಣ್ಣೆ ಬೇಡ; ಅವು ಜಿಡ್ಡು ಬಿಡುತ್ತವೆ, ಕ್ಯಾಲಿಪರ್ ರಬ್ಬರನ್ನು ಊದಿಸುತ್ತವೆ. ಎರಡನೆಯದು, ಹಬ್ಬಿನಲ್ಲಿ ಡಿಸ್ಕ್ ಕೂರುವ ಜಾಗ. ಅಲ್ಲಿ ತುಕ್ಕಿನ ಚೂರೋ ಒಣಗಿದ ಮಣ್ಣೋ ಉಳಿದರೆ ಹೊಚ್ಚ ಹೊಸ ಡಿಸ್ಕೂ ಓರೆಯಾಗಿ ತಿರುಗುತ್ತದೆ. ವೈರ್ ಬ್ರಷ್‌ನಿಂದ ಕೆರೆದು, ಬೋಲ್ಟ್‌ಗಳನ್ನು ಒಂದರ ಎದುರಿನದ್ದು ಎಂಬ ಕ್ರಮದಲ್ಲಿ ಎರಡು ಮೂರು ಹಂತವಾಗಿ ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ (ಬಿಗಿತದ ಅಳತೆಗೆ) ಬಿಗಿಸಿ. ಈ ಬೋಲ್ಟ್‌ಗಳನ್ನು ಹೊಸದೇ ಹಾಕಬೇಕು, ಇಲ್ಲವೇ ಎಳೆ ತೊಳೆದು ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಲಾಕಿಂಗ್ ದ್ರಾವಣ ಹಚ್ಚಬೇಕು. ಹೊಸ ಡಿಸ್ಕಿಗೆ ಹಳೆಯ ಪ್ಯಾಡ್ ಹಾಕಿ ದುಡ್ಡು ಉಳಿಸಬೇಡಿ. ಹಳೆಯ ಪ್ಯಾಡಿನಲ್ಲಿ ಹಳೆಯ ಡಿಸ್ಕಿನ ಗೆರೆಗಳು ಅಚ್ಚಾಗಿರುತ್ತವೆ.

ಎಣ್ಣೆ, ಪಾಲಿಶ್, ಕೈಯ ಜಿಡ್ಡು

ಹಿಂದಿನ ಡಿಸ್ಕ್ ಕೂಗಿದರೆ ನನ್ನ ಮೊದಲ ಅನುಮಾನ ಚೈನ್ ಲೂಬ್ ಮೇಲೆ. ಸರ್ವಿಸ್ ದಿನವೇ ಪ್ಯಾಡ್ ಬದಲಿಸಿ, ಚೈನಿಗೆ ಸ್ಪ್ರೇ ಹೊಡೆದು, ಟೈರಿಗೆ ಪಾಲಿಶ್ ಬಳಿದು ಕೊಡುತ್ತಾರೆ; ಇವೆರಡರ ತುಂತುರು ಡಿಸ್ಕಿನ ಮೇಲೆ ಬೀಳಲು ಗಾಳಿಯೂ ಬೇಕಿಲ್ಲ. ಮುಂದೆ ಆದರೆ ಸೋರುವ ಫೋರ್ಕ್ ಸೀಲ್ ನೋಡಿ. ಫೋರ್ಕ್ ಕಾಲಿನ ಕೆಳಭಾಗ ಒದ್ದೆಯಾಗಿ ಧೂಳು ಮೆತ್ತಿಕೊಂಡಿದ್ದರೆ ಆಯಿಲ್ ನೇರ ಕ್ಯಾಲಿಪರ್ ಮೇಲೆ ಇಳಿಯುತ್ತಿದೆ.

ಡಿಸ್ಕನ್ನು ತೊಳೆದರೆ ಶುದ್ಧವಾಗುತ್ತದೆ. ಪ್ಯಾಡ್ ಹಾಗಲ್ಲ, ಅದರ ಮೈ ಎಣ್ಣೆಯನ್ನು ಹೀರಿಕೊಂಡು ಬಿಸಿಯಾದಾಗೆಲ್ಲ ಹೊರಹಾಕುತ್ತಿರುತ್ತದೆ. ಬೆರಳಿನ ಗುರುತಿನಷ್ಟು ಜಿಡ್ಡಾದರೆ 120 ನಂಬರಿನ ಉಪ್ಪುಕಾಗದವನ್ನು ಗಾಜು ಅಥವಾ ಟೈಲ್ಸ್ ಮೇಲೆ ಹಾಸಿ, ಪ್ಯಾಡನ್ನು ಎಂಟರ ಆಕಾರದಲ್ಲಿ ಉಜ್ಜಿ ತೆಳುವಾಗಿ ಮೈ ತೆಗೆಯಬಹುದು. ಎಣ್ಣೆಯಲ್ಲಿ ನೆನೆದ ಪ್ಯಾಡನ್ನು ಬೆಂಕಿಯಲ್ಲಿ ಸುಟ್ಟು ಸರಿಮಾಡುವ ಪದ್ಧತಿ ಕೆಲವೆಡೆ ಇದೆ. ಪುಡಿಯನ್ನು ಬಂಧಿಸಿಟ್ಟಿರುವ ಅಂಟೇ ಅದರಿಂದ ಕೆಡುತ್ತದೆ, ಮಾಡಬೇಡಿ. ಸದ್ದು ನಿಲ್ಲಲಿ ಅಂತ ಡಿಸ್ಕಿಗೆ ಎಣ್ಣೆಯನ್ನೋ ತುಕ್ಕು ಬಿಡಿಸುವ ಸ್ಪ್ರೇಯನ್ನೋ ಹೊಡೆಯುವವರೂ ಇದ್ದಾರೆ. ಸದ್ದು ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ.

ಪಿನ್, ಪಿಸ್ಟನ್, ತಗಡು

ಸದ್ದಿನ ದೂರುಗಳಲ್ಲಿ ಅತಿ ಹೆಚ್ಚು ಉಪೇಕ್ಷೆಗೊಳಗಾಗುವ ಭಾಗ ಇದು. ನಮ್ಮಲ್ಲಿನ ಹೆಚ್ಚಿನ ಬೈಕುಗಳ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಅಡ್ಡಡ್ಡ ಜಾರುವಂಥದ್ದು. ಪಿಸ್ಟನ್ ಒಂದೇ ಕಡೆ ಇರುತ್ತದೆ. ತನ್ನ ಕಡೆಯ ಪ್ಯಾಡನ್ನು ಅದು ಒತ್ತುತ್ತದೆ, ಆಚೆ ಕಡೆಯದನ್ನು ಕ್ಯಾಲಿಪರ್ ಜಾರಿ ಬಂದು ಎಳೆದು ಒತ್ತುತ್ತದೆ. (ಕೆಟಿಎಂ ಡ್ಯೂಕ್ 390 ಬೈಕಿನ ಮುಂದಿನ ನಾಲ್ಕು ಪಿಸ್ಟನ್ ಕ್ಯಾಲಿಪರ್‌ನಲ್ಲಿ ಎರಡೂ ಕಡೆ ಪಿಸ್ಟನ್ ಇರುವುದರಿಂದ ಈ ಜಾರುವ ಪಿನ್ ಇರುವುದಿಲ್ಲ.) ಸವೆದ ಪ್ಯಾಡ್ ಕಾಲದಲ್ಲಿ ಪಿನ್ ಒಂದು ಜಾಗದಲ್ಲಿ ಜಾರುತ್ತಿತ್ತು, ದಪ್ಪ ಪ್ಯಾಡ್ ಬಂದ ಮೇಲೆ ಕೆಲವು ಮಿ.ಮೀ. ಆಚೆ, ತಿಂಗಳುಗಟ್ಟಲೆ ಧೂಳು ತುಕ್ಕು ಕೂತ ಜಾಗದಲ್ಲಿ ಜಾರಬೇಕಾಗುತ್ತದೆ. ಹಳೆಯ ಪ್ಯಾಡ್‌ನಲ್ಲಿ ಇಲ್ಲದ ಸದ್ದು ಹೊಸದರಲ್ಲಿ ಹುಟ್ಟಲು ಇದೇ ದೊಡ್ಡ ಕಾರಣ.

ಪಿನ್ ಹೊರತೆಗೆದು ಹಳೆಯ ಗ್ರೀಸ್ ಪೂರ್ತಿ ಒರೆಸಿ. ಕೈಯಲ್ಲಿ ಉರುಳಿಸಿ ನೋಡಿ, ತುಕ್ಕಿನ ಗುಳಿ ಇದ್ದರೆ ಬದಲಿಸಿ. ರಬ್ಬರ್ ಬೂಟ್ ಹರಿದಿದ್ದರೆ ಅದನ್ನೂ. ಹಚ್ಚಬೇಕಾದ್ದು ಬ್ರೇಕಿಗೆಂದೇ ಮಾಡಿದ ಸಿಲಿಕೋನ್ ಗ್ರೀಸ್, ತೆಳು ಪದರ. ಬೇರಿಂಗ್ ಗ್ರೀಸ್ ಹಚ್ಚಿದರೆ ಬೂಟ್ ಊದಿ ಪಿನ್ ಮತ್ತೆ ಹಿಡಿದುಕೊಳ್ಳುತ್ತದೆ. ಬೂಟ್ ತುಂಬ ಗ್ರೀಸ್ ತುರುಕಿದರೂ ಕೆಟ್ಟದ್ದೇ. ಒಳಗೆ ಗಾಳಿ ಸಿಕ್ಕಿಬಿದ್ದು ಪಿನ್ನನ್ನು ಹೊರದಬ್ಬುತ್ತದೆ. ಜೋಡಿಸಿದ ಮೇಲೆ ಕ್ಯಾಲಿಪರನ್ನು ಎರಡು ಬೆರಳಲ್ಲಿ ತಳ್ಳಿದರೆ ಸಲೀಸಾಗಿ ಜಾರಬೇಕು.

ಪಿಸ್ಟನ್ ವಿಷಯಕ್ಕೆ ಬಂದರೆ, ಹೊಸ ಪ್ಯಾಡಿಗೆ ಜಾಗ ಮಾಡಲು ಅದನ್ನು ಒಳಕ್ಕೆ ಒತ್ತುತ್ತಾರೆ. ಹೊರಗೆ ಚಾಚಿದ ಭಾಗದ ಮೇಲಿನ ಕೆಸರು, ಪ್ಯಾಡ್ ಪುಡಿ ಎಲ್ಲ ಆಗ ಸೀಲಿನ ಒಳಗೆ ಹೋಗುತ್ತದೆ. ಬ್ರೇಕ್ ಬಿಟ್ಟಾಗ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುವುದು ಆ ಚೌಕ ಸೀಲೇ, ಬೇರೆ ಸ್ಪ್ರಿಂಗ್ ಇಲ್ಲ. ಸೀಲ್ ಕೊಳೆಯಾದರೆ ಪಿಸ್ಟನ್ ಹಿಂದೆ ಬರುವುದಿಲ್ಲ, ಪ್ಯಾಡ್ ಸದಾ ಉಜ್ಜುತ್ತಿರುತ್ತದೆ. ಆದ್ದರಿಂದ ಒತ್ತುವ ಮೊದಲು ಲಿವರ್ ಮೆಲ್ಲಗೆ ಒತ್ತಿ ಪಿಸ್ಟನ್ನನ್ನು 5 ಮಿ.ಮೀ.ನಷ್ಟು ಹೊರತಂದು, ಹಳೆಯ ಟೂತ್‌ಬ್ರಷ್ ಮತ್ತು ಸೋಪಿನ ನೀರಿನಲ್ಲಿ ಸುತ್ತಲೂ ತಿಕ್ಕಿ, ಒರೆಸಿ, ಸ್ವಲ್ಪ ಬ್ರೇಕ್ ಆಯಿಲ್ ಸವರಿ, ಆಮೇಲೆ ಕೈಯಿಂದ ನೇರವಾಗಿ ಒತ್ತಿ. ಎರಡು ಪಿಸ್ಟನ್ ಇದ್ದರೆ ಒಂದನ್ನು ಹಿಡಿದುಕೊಂಡೇ ಇನ್ನೊಂದನ್ನು ಆಡಿಸಿ, ಇಲ್ಲದಿದ್ದರೆ ಒಂದು ಪೂರ್ತಿ ಹೊರಗೆ ಹಾರುತ್ತದೆ. ಒತ್ತುವಾಗ ಮೇಲಿನ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಆಯಿಲ್ ಏರುತ್ತದೆ. ತುಳುಕಿ ಟ್ಯಾಂಕಿನ ಮೇಲೆ ಬಿದ್ದರೆ ಬಣ್ಣ ಏಳುತ್ತದೆ, ಪ್ಯಾಡಿಗೆ ಬಿದ್ದರೆ ಪ್ಯಾಡ್ ಹಾಳು. ಬಟ್ಟೆ ಸುತ್ತಿಟ್ಟು, ಹೆಚ್ಚಾದದ್ದನ್ನು ಸಿರಿಂಜಿನಲ್ಲಿ ತೆಗೆಯಿರಿ.

ಇನ್ನು ತಗಡುಗಳು. ಪ್ಯಾಡಿನ ಬೆನ್ನಿಗೆ ಅಂಟಿಕೊಂಡಿರುವ ಶಿಮ್, ಕ್ಯಾಲಿಪರ್ ಒಳಗೆ ಪ್ಯಾಡನ್ನು ಒತ್ತಿಹಿಡಿಯುವ ಸ್ಪ್ರಿಂಗ್ ತಗಡು, ಬ್ರಾಕೆಟ್ಟಿನಲ್ಲಿ ಪ್ಯಾಡಿನ ಕಿವಿ ಕೂರುವ ಸಣ್ಣ ಕ್ಲಿಪ್. ಹೊಸ ಪ್ಯಾಡ್ ಪೊಟ್ಟಣದಲ್ಲಿ ಇವು ಎಷ್ಟೋ ಸಲ ಇರುವುದಿಲ್ಲ, ಹಳೆಯದರಿಂದ ಬಿಚ್ಚಿ ಹಾಕಬೇಕು. ಹಳೆಯ ಪ್ಯಾಡ್ ಜೊತೆ ಶಿಮ್ಮೂ ಕಸದ ಡಬ್ಬಿ ಸೇರಿದ್ದರೆ ಕಂಪನವನ್ನು ನುಂಗುವ ಪದರವೇ ಹೋಯಿತು. ಸ್ಪ್ರಿಂಗ್ ತಗಡಿಗೆ ಮೇಲು ಕೆಳಗು ಇರುತ್ತದೆ, ತಲೆಕೆಳಗಾದರೆ ಪ್ಯಾಡ್ ಕುಣಿಯುತ್ತದೆ. ಬಿಚ್ಚುವಾಗಲೇ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡರೆ ಈ ತಕರಾರಿಲ್ಲ. ಪಿಸ್ಟನ್ ತಾಗುವ ಪ್ಯಾಡಿನ ಬೆನ್ನಿಗೆ, ಕಿವಿಗಳಿಗೆ ಬಿಸಿ ತಡೆಯುವ ಸೆರಾಮಿಕ್ ಬ್ರೇಕ್ ಗ್ರೀಸ್ ಅನ್ನು ಅಕ್ಕಿಕಾಳಿನಷ್ಟು ತೆಗೆದುಕೊಂಡು ಸವರಿ. ಉಜ್ಜುವ ಮೈಗೆ ತಾಗಬಾರದು. ಇಷ್ಟೆಲ್ಲ ಆದಮೇಲೂ ಸಣ್ಣ ಕೀರಲು ಉಳಿದರೆ, ಡಿಸ್ಕ್ ಮೊದಲು ಬಂದು ತಾಗುವ ಪ್ಯಾಡಿನ ಅಂಚನ್ನು ಅರದಿಂದ 45 ಡಿಗ್ರಿ ಓರೆಯಲ್ಲಿ 1–2 ಮಿ.ಮೀ. ಇಳಿಸಿ. ಬಹಳ ಸಲ ಅಷ್ಟಕ್ಕೇ ನಿಲ್ಲುತ್ತದೆ.

ಎಲ್ಲ ಜೋಡಿಸಿ, ಗಾಡಿ ಅಲುಗಿಸುವ ಮೊದಲು ಲಿವರನ್ನು ಗಟ್ಟಿಯಾಗುವವರೆಗೆ ಹತ್ತಾರು ಸಲ ಒತ್ತಲೇಬೇಕು. ಒಳಕ್ಕೆ ಒತ್ತಿದ ಪಿಸ್ಟನ್ ಪ್ಯಾಡಿಗೆ ತಾಗಿರುವುದಿಲ್ಲ. ಮೊದಲ ಸಲ ಲಿವರ್ ಹ್ಯಾಂಡಲ್‌ವರೆಗೆ ಹೋದರೂ ಬ್ರೇಕ್ ಹಿಡಿಯದು. ಇದನ್ನು ಮರೆತು ರಸ್ತೆಗಿಳಿದರೆ ಪ್ರಾಣಕ್ಕೇ ಅಪಾಯ.

ಪಳಗಿಸುವುದು

ಎಲ್ಲ ಸರಿಯಿದ್ದರೂ ಹೊಸ ಪ್ಯಾಡ್ ಒಂದಷ್ಟು ದೂರ ಸದ್ದು ಮಾಡಬಹುದು. ಪ್ಯಾಡಿನ ವಸ್ತುವಿನ ತೆಳು ಪದರವೊಂದು ಡಿಸ್ಕಿಗೆ ಒಂದೇ ಸಮ ಹತ್ತಿಕೊಳ್ಳಬೇಕು. ಅದಕ್ಕೆ ಹದವಾದ ಬಿಸಿ ಬೇಕು, ಅತಿಯಾದರೆ ಕೆಡುತ್ತದೆ. ವಾಹನವಿಲ್ಲದ ನೇರ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ವೇಗದಿಂದ 10ಕ್ಕೆ ಮಧ್ಯಮ ಒತ್ತಡದಲ್ಲಿ ಇಳಿಸಿ, ಪೂರ್ತಿ ನಿಲ್ಲಿಸದೆ ಬ್ರೇಕ್ ಬಿಟ್ಟು, ಅರ್ಧ ಕಿ.ಮೀ. ಗಾಳಿಯಾಡಲು ಓಡಿಸಿ ಮತ್ತೆ ಇಳಿಸಿ. ಹೀಗೆ ಇಪ್ಪತ್ತು ಸಲ. ಬಿಸಿ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿಹಿಡಿದು ನಿಂತರೆ ಅಲ್ಲಿ ಮಾತ್ರ ವಸ್ತು ಮೆತ್ತಿಕೊಂಡು, ಮುಂದೆ ಲಿವರ್ ಮಿಡಿಯುತ್ತದೆ. ಮೊದಲ 200 ಕಿ.ಮೀ. ತುರ್ತಿಲ್ಲದೆ ಗಟ್ಟಿ ಬ್ರೇಕ್ ಹಾಕಬೇಡಿ. ಹೊಸ ಪ್ಯಾಡ್ ಹಾಕಿದ ವಾರದಲ್ಲೇ ಆಗುಂಬೆಯ 14 ತಿರುವುಗಳನ್ನು ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಪ್ಯಾಡಿನ ಮೈ ಕಪ್ಪಗೆ ಗಟ್ಟಿಯಾಗಿ, ಹಿಡಿತ ಕಡಿಮೆಯಾಗಿ, ಸದ್ದು ಶುರುವಾಗುತ್ತದೆ. ಘಟ್ಟ ಇಳಿಯುವಾಗ ಸೆಕೆಂಡ್ ಗೇರ್ ಹಾಕಿ ಎಂಜಿನ್ನಿಗೆ ಕೆಲಸ ಬಿಡಿ. ಹೀಗೆ ಗಟ್ಟಿಯಾದ ಪ್ಯಾಡನ್ನು ಮೇಲೆ ಹೇಳಿದಂತೆ ಉಪ್ಪುಕಾಗದದಲ್ಲಿ ಉಜ್ಜಿ, ಡಿಸ್ಕನ್ನೂ ಅದೇ ಕಾಗದದಲ್ಲಿ ಸಣ್ಣ ಸಣ್ಣ ವೃತ್ತವಾಗಿ ಉಜ್ಜಿ ಒರೆಸಿ, ಮತ್ತೆ ಪಳಗಿಸಬಹುದು.

ಮಳೆಗಾಲದಲ್ಲಿ ರಾತ್ರಿ ಹೊರಗೆ ನಿಂತ ಗಾಡಿ ಬೆಳಿಗ್ಗೆ ಎರಡು ಮೂರು ಬ್ರೇಕಿಗೆ ‘ಕರಕರ’ ಅಂದು ಸುಮ್ಮನಾದರೆ ಅದು ಡಿಸ್ಕಿನ ತೆಳು ತುಕ್ಕು, ಚಿಂತೆ ಬೇಡ. ಸಿಂಟರ್ಡ್ ಲೋಹದ (ಲೋಹದ ಪುಡಿಯನ್ನು ಬಿಸಿಯಲ್ಲಿ ಒತ್ತಿ ಮಾಡಿದ) ಪ್ಯಾಡ್‌ಗಳು ತಣ್ಣಗಿರುವಾಗ ಸಾಮಾನ್ಯ ಪ್ಯಾಡ್‌ಗಳಿಗಿಂತ ಹೆಚ್ಚು ಕೂಗುತ್ತವೆ. ಒದ್ದೆಯಲ್ಲಿ ಅವುಗಳ ಹಿಡಿತ ಚೆನ್ನಾಗಿರುವುದರಿಂದ ಕರಾವಳಿ, ಮಲೆನಾಡಿನ ಸವಾರರು ಆ ಸದ್ದನ್ನು ಸಹಿಸಿಕೊಳ್ಳುವುದರಲ್ಲಿ ಅರ್ಥವಿದೆ. ಊರೊಳಗೆ ಓಡಾಡುವ 150 ಸಿಸಿ ಗಾಡಿಗೆ ಅವು ಬೇಕಿಲ್ಲ. ಗಾಡಿಯೊಂದಿಗೆ ಕಂಪನಿ ಯಾವ ಬಗೆ ಕೊಟ್ಟಿತ್ತೋ ಅದನ್ನೇ ಹಾಕಿ.

ಲಿವರ್ ಅಥವಾ ಚಕ್ರ ಬಿಚ್ಚಿದ್ದರೆ

ಅಂದಕ್ಕೆಂದು ಬೇರೆ ಬ್ರೇಕ್ ಲಿವರ್ ಹಾಕಿಸಿದ ಮೇಲೆ ಸದ್ದು ಬಂತೇ? ಲಿವರ್ ಪೂರ್ತಿ ಹಿಂದಕ್ಕೆ ಬರದೆ ಆಯಿಲನ್ನು ಕ್ಯಾಲಿಪರ್ ಕಡೆಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ಒಂದಿಷ್ಟು ಒತ್ತಿಕೊಂಡೇ ಇದ್ದರೆ, ಆಯಿಲ್ ಡಬ್ಬಿಗೆ ವಾಪಸು ಹೋಗುವ ಸಣ್ಣ ರಂಧ್ರ ಮುಚ್ಚಿರುತ್ತದೆ. ಓಡಿಸಿದಂತೆ ಆಯಿಲ್ ಬಿಸಿಯಾಗಿ ಹಿಗ್ಗಿ, ಹೋಗಲು ದಾರಿಯಿಲ್ಲದೆ ಪ್ಯಾಡನ್ನು ಒತ್ತುತ್ತದೆ. ಹತ್ತು ಕಿ.ಮೀ. ಆದ ಮೇಲೆ ಗಾಡಿ ಭಾರ ಎನಿಸಿ ಚಕ್ರ ಹಿಡಿದುಕೊಳ್ಳುವುದು ಇದರ ಲಕ್ಷಣ. ಲಿವರ್ ತುದಿಯಲ್ಲಿ ಸ್ವಲ್ಪವಾದರೂ ಸಡಿಲ ಇರಲೇಬೇಕು.

ಟೈರ್ ಅಥವಾ ಬೇರಿಂಗ್ ಬದಲಿಸಿದ್ದರೆ ಆಕ್ಸಲ್ ಮೇಲೆ ಚಕ್ರದ ಎಡ ಬಲಕ್ಕೆ ಕೂರುವ ಬುಶ್ ಅದಲುಬದಲಾಗಿರಬಹುದು. ಡಿಸ್ಕ್ ಆಗ ಕ್ಯಾಲಿಪರಿನ ನಡುವೆ ನಿಲ್ಲದೆ ಒಂದು ಪಕ್ಕಕ್ಕೆ ಸರಿಯುತ್ತದೆ. ಫೋರ್ಕಿನ ಬುಡದಲ್ಲಿ ಆಕ್ಸಲನ್ನು ಹಿಂಡಿಹಿಡಿಯುವ ಬೋಲ್ಟ್ ಇರುವ ಗಾಡಿಗಳಲ್ಲಿ ಮೊದಲು ಆಕ್ಸಲ್ ಬಿಗಿಸಿ, ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು ನಾಲ್ಕೈದು ಸಲ ಕುಗ್ಗಿಸಿ, ಕಾಲುಗಳು ತಮ್ಮ ಜಾಗಕ್ಕೆ ಬಂದ ಮೇಲಷ್ಟೇ ಆ ಬೋಲ್ಟ್ ಬಿಗಿಸಬೇಕು.

ಡ್ರಮ್ ಬ್ರೇಕ್

ಹಿಂದೆ 110 ಅಥವಾ 130 ಮಿ.ಮೀ. ಡ್ರಮ್ ಇರುವ ಗಾಡಿಗಳು ಇನ್ನೂ ಬಹಳ. ಹೊಸ ಶೂ (ಡ್ರಮ್ಮಿನ ಒಳಮೈಗೆ ಒತ್ತುವ ಬಾಗಿದ ಭಾಗ) ಹಾಕಿದಾಗ ಅದರ ಬಾಗು ಸವೆದ ಡ್ರಮ್ಮಿನ ಬಾಗಿಗೆ ಹೊಂದುವುದಿಲ್ಲ, ಸ್ವಲ್ಪ ಜಾಗವಷ್ಟೇ ತಾಗಿ ‘ಗುಂಯ್’ ಅನ್ನುತ್ತದೆ. ಎರಡೂ ತುದಿಗಳ ಅಂಚನ್ನು ಅರದಿಂದ ಓರೆಯಾಗಿ ಇಳಿಸಿದರೆ ಸದ್ದು ತಗ್ಗುತ್ತದೆ. ಡ್ರಮ್ಮಿನ ಒಳವ್ಯಾಸ ಅದರ ಮೇಲೆ ಕೆತ್ತಿದ ಮಿತಿ ದಾಟಿದ್ದರೆ (110ಕ್ಕೆ ಸಾಮಾನ್ಯವಾಗಿ 111) ಯಾವ ಶೂ ಹಾಕಿದರೂ ಪ್ರಯೋಜನವಿಲ್ಲ. ಶೂಗಳನ್ನು ಅಗಲಿಸುವ ಕ್ಯಾಮ್ ಬಿಚ್ಚಿ ಒರೆಸಿ, ಬೆಂಕಿಕಡ್ಡಿಯ ತಲೆಯಷ್ಟು ಗ್ರೀಸ್ ಹಚ್ಚಿ. ಎಳೆದು ಸೋತ ಸ್ಪ್ರಿಂಗುಗಳನ್ನು ಶೂ ಜೊತೆಗೇ ಬದಲಿಸಿ. ಒಳಗಿನ ಪುಡಿಯನ್ನು ಬಾಯಿಂದಲೋ ಏರ್ ಗನ್ನಿನಿಂದಲೋ ಊದಬೇಡಿ. ಅಗ್ಗದ ಶೂಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಚಕ್ರ ಕೂರಿಸುವಾಗ ಶೂ ಹೊತ್ತ ಪ್ಲೇಟನ್ನು ತಿರುಗದಂತೆ ಹಿಡಿಯುವ ಟಾರ್ಕ್ ರಾಡ್ ಅಥವಾ ಸ್ವಿಂಗ್‌ಆರ್ಮ್ ಗೂಟ ತನ್ನ ಜಾಗದಲ್ಲಿದೆಯೇ ಅಂತ ಕಣ್ಣಾರೆ ನೋಡಿ. ಅದು ತಪ್ಪಿದರೆ ಬ್ರೇಕ್ ಹಿಡಿದಾಗ ಪ್ಲೇಟೇ ತಿರುಗಿ ಚಕ್ರ ಲಾಕ್ ಆಗುತ್ತದೆ. ಪೆಡಲ್ ಒತ್ತಿಹಿಡಿದುಕೊಂಡೇ ಆಕ್ಸಲ್ ನಟ್ ಬಿಗಿಸಿದರೆ ಶೂ ಡ್ರಮ್ಮಿನ ನಡುವೆ ಸರಿಯಾಗಿ ಕೂರುತ್ತದೆ. ಪೆಡಲಿನ ಸಡಿಲ 20ರಿಂದ 30 ಮಿ.ಮೀ. ಇರಲಿ.

2019ರ ಏಪ್ರಿಲ್ 1ರಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಸಿಬಿಎಸ್ (ಎರಡೂ ಚಕ್ರದ ಬ್ರೇಕ್ ಜೋಡಿಸುವ ವ್ಯವಸ್ಥೆ) ಅಥವಾ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಯಿತು. ಸಿಬಿಎಸ್ ಬೈಕಿನಲ್ಲಿ ಹಿಂದಿನ ಪೆಡಲ್ ಮುಂದಿನ ಬ್ರೇಕನ್ನೂ ಎಳೆಯುತ್ತದೆ. ಅದಕ್ಕೇ ಹಿಂದಿನ ಶೂ ಬದಲಿಸಿ ನಟ್ ತಿರುಗಿಸಿದ ಮೇಲೆ ಮುಂದಿನ ಚಕ್ರವನ್ನೂ ಎತ್ತಿ ತಿರುಗಿಸಿ ನೋಡಬೇಕು. ಮುಂದೆ ಉಜ್ಜುವ ಸದ್ದು ಬಂದರೆ ಹೊಸ ಶೂವನ್ನು ಬಿಚ್ಚಬೇಡಿ. ಎರಡನ್ನೂ ಜೋಡಿಸುವ ಕೇಬಲ್ ಬಿಗಿಯಾಗಿದೆ, ಅದರ ನಟ್ಟನ್ನು ಚಕ್ರ ಸಲೀಸಾಗುವವರೆಗೆ ಸಡಿಲಿಸಿ, ಪೆಡಲಿನ ಅಳತೆಯನ್ನು ಮತ್ತೊಮ್ಮೆ ನೋಡಿ.